ಅಡಿಗೆಮನೆಗೆ ಹೋದ ಚೀಟಿ

ಲೋಕದಲ್ಲಿ ಅತ್ಯಂತ ಅಲ್ಪಾಯುಷಿಯಾದ ಬರವಣಿಗೆ ಯಾವುದೆಂದು ಯಾರಾದರೂ ಕೇಳಿದರೆ, ಹೋಟೆಲಿನ ಚೀಟಿ ಎಂದು ನಿಸ್ಸಂಕೋಚವಾಗಿ ಉತ್ತರ ಕೊಡಬಹುದು. ಪ್ರೇಮಪತ್ರಗಳನ್ನು ಪೆಟ್ಟಿಗೆಯ ತಳದಲ್ಲಿ ಬಚ್ಚಿಡುವವರುಂಟು. ಲಗ್ನಪತ್ರಿಕೆಗಳನ್ನು ವರ್ಷಗಟ್ಟಲೆ ಕಾಪಾಡುವವರುಂಟು. ಅಗಸನ ಲೆಕ್ಕವನ್ನೂ ಗೋಡೆಗೆ ಸಿಕ್ಕಿಸಿಡುವವರುಂಟು. ಆದರೆ ‘ಎರಡು ಮಸಾಲೆ ದೋಸೆ, ಒಂದು ಕಾಫಿ’ ಎಂಬ ಚೀಟಿಯನ್ನು ಎರಡನೆಯ ಬಾರಿ ಓದಿದವರನ್ನು ಕಂಡವರಿಲ್ಲ. ದೋಸೆ ಮೇಜಿಗೆ ಬಂದ ಗಳಿಗೆಯಲ್ಲಿಯೇ ಅದರ ಜನ್ಮ ಸಾರ್ಥಕವಾಗಿ, ಆಯುಸ್ಸೂ ಮುಗಿಯುತ್ತದೆ. ಹಾಗಿದ್ದರೂ ಹತ್ತು ನಿಮಿಷ ಬಾಳುವ ಈ ಚೀಟಿ ಸರಿಯಾದ ಕೈಗೆ, ಸರಿಯಾದ ಹೊತ್ತಿಗೆ, ಓದಲು ಬರುವ ಅಕ್ಷರಗಳಲ್ಲಿ ತಲುಪದೆ ಹೋದರೆ ಆಗುವ ಅನಾಹುತ ಸಾಮಾನ್ಯವಾದುದಲ್ಲ. ಹಸಿದವನು ಕಾಯುತ್ತಾನೆ, ಕಾದವನು ಸಿಡುಕುತ್ತಾನೆ, ಆ ಸಿಡುಕು ಮೇಜಿನಿಂದ ಮಾಣಿಗೆ, ಮಾಣಿಯಿಂದ ಭಟ್ಟರಿಗೆ, ಭಟ್ಟರಿಂದ ಸಾಂಬಾರಿಗೆ ಇಳಿಯುತ್ತದೆ.

ಶಿವಮೊಗ್ಗ ಜಿಲ್ಲೆಯ ತಾಲ್ಲೂಕು ಪಟ್ಟಣವೊಂದರ ಹೋಟೆಲಿನಲ್ಲಿ ಬಹುಕಾಲ ಚೀಟಿಯ ಹಂಗೇ ಇರಲಿಲ್ಲ. ಮಾಣಿಯು ಅಡಿಗೆಮನೆಯ ಬಾಗಿಲಲ್ಲಿ ನಿಂತು, “ಎರಡು ಮಸಾಲೆ, ಒಂದು ಖಾಲಿ!” ಎಂದು ರಾಗವಾಗಿ ಕೂಗುವನು, ಒಳಗೆ ಕಾವಲಿಯ ಮುಂದೆ ನಿಂತ ಭಟ್ಟರು “ಆಯ್ತು!” ಎಂದು ಮರುನುಡಿಯುವರು. ಆ ‘ಆಯ್ತು’ ಕಿವಿಗೆ ಬೀಳದೆ ಮಾಣಿ ಬಾಗಿಲಿನಿಂದ ಕದಲುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಭಟ್ಟರು ಆ ಕಾವಲಿಯನ್ನು ಬಿಟ್ಟು ಅಲುಗಿದವರಲ್ಲ. ಕುಂದಾಪುರದ ಕಡೆಯಿಂದ ಬಂದ ಅವರು ಊರಿನ ಶಾಲೆಯಲ್ಲಿ ಕನ್ನಡ ನಾಲ್ಕನೆಯ ತರಗತಿಯವರೆಗೆ ಕಲಿತಿದ್ದರು. ದೋಸೆ ಹುಯ್ಯುವ ವಿದ್ಯೆಗೆ ಅದಕ್ಕಿಂತ ಹೆಚ್ಚಿನ ಓದು ಬೇಕೆಂದು ಯಾರೂ ಭಾವಿಸಿರಲಿಲ್ಲ.

ಕಾಲ ಬದಲಾಯಿತು. ಹೋಟೆಲಿಗೆ ಮಹಡಿ ಬಂದಿತು. ಪಾರ್ಸೆಲಿನ ಕಟ್ಟೆ ಬಂದಿತು. ದೂರವಾಣಿಯಲ್ಲಿ ತಿಂಡಿ ಹೇಳಿ, ಬಂದು ಒಯ್ಯುವ ಪದ್ಧತಿಯೂ ಬಂದಿತು. ಮಹಡಿಯ ಮೇಲಿನ ಕೂಗು ಹದಿನೆಂಟು ಮೆಟ್ಟಿಲಿಳಿದು ಭಟ್ಟರ ಕಿವಿಗೆ ಮುಟ್ಟದಾಯಿತು. 2020ರಲ್ಲಿ ಬೆಂಗಳೂರಿನ ಕಚೇರಿಗಳೆಲ್ಲ ಬಾಗಿಲು ಮುಚ್ಚಿದಾಗ ಊರಿಗೆ ಮರಳಿ, ಹೋಟೆಲಿನಲ್ಲಿಯೇ ನಿಂತುಬಿಟ್ಟಿದ್ದ ಯಜಮಾನರ ಮಗ ಇದಕ್ಕೊಂದು ಉಪಾಯ ಹೂಡಿದನು. ಮೊಬೈಲಿನಲ್ಲಿ ತಿಂಡಿಯ ಹೆಸರನ್ನು ಒತ್ತಿದರೆ ಲೆಕ್ಕವನ್ನೆಲ್ಲ ತಾನೇ ಇಟ್ಟುಕೊಳ್ಳುವ ವ್ಯವಸ್ಥೆಯೊಂದನ್ನು ತಿಂಗಳ ಬಾಡಿಗೆಗೆ ತೆಗೆದುಕೊಂಡು, ಅಡಿಗೆಮನೆಯಲ್ಲಿ ಚೀಟಿ ಮುದ್ರಿಸುವ ಪುಟ್ಟ ಪ್ರಿಂಟರೊಂದನ್ನು ಇರಿಸಿದನು. ಮೂಲೆಯಲ್ಲಿ ಹಳೆಯ ಗಣಕಯಂತ್ರವೊಂದು ಕುಳಿತು ಅದನ್ನು ನಡೆಸುತ್ತಿದ್ದಿತು. ಚೀಟಿಗಳೇನೋ ಬಂದವು. ಆದರೆ ಅವು ಇಂಗ್ಲಿಷಿನಲ್ಲಿದ್ದವು. ಅದೂ ಪದಗಳ ಬಾಲ ಕತ್ತರಿಸಿದ ಇಂಗ್ಲಿಷು.

ಮೊದಮೊದಲು ಮಾಣಿಯೊಬ್ಬನು ಭಟ್ಟರ ಪಕ್ಕದಲ್ಲಿ ನಿಂತು ಓದಿಹೇಳುತ್ತಿದ್ದನು. ಒಂದು ಭಾನುವಾರ ಅವನು ರಜೆ ಹಾಕಿದನು. ಚೀಟಿಗಳು ಒಂದರ ಮೇಲೊಂದು ಬಂದು ಕಾವಲಿಯ ಬದಿಗೆ ರಾಶಿಯಾದವು. ಭಟ್ಟರು ಒಂದನ್ನು ಎತ್ತಿ ಬೆಳಕಿಗೆ ಹಿಡಿದರು, ತಿರುಗಿಸಿ ಹಿಡಿದರು, ಕೆಳಗಿಟ್ಟರು. ಅಂದು ರಾತ್ರಿ ಹೋಟೆಲು ಮುಚ್ಚಿದ ಮೇಲೆ ಯಜಮಾನರ ಮಗನನ್ನು ಕರೆದು ಹೇಳಿದರು:

“ತಮ್ಮಾ, ದೋಸೆ ಹುಯ್ಯುವುದಕ್ಕೆ ಈ ಕೈಯಲ್ಲಿ ಇನ್ನೂ ಶಕ್ತಿ ಉಂಟು. ಇನ್ನೊಬ್ಬನ ಕಣ್ಣಿನಿಂದ ಓದಿಸಿಕೊಂಡು ಅಡಿಗೆ ಮಾಡುವುದು ಮಾತ್ರ ಈ ವಯಸ್ಸಿನಲ್ಲಿ ಬೇಡ. ದೀಪಾವಳಿ ಕಳೆದ ಮೇಲೆ ನಾನು ಮಗಳ ಮನೆಗೆ ಹೋಗುತ್ತೇನೆ.”

ಕೋಪದ ಮಾತಾಗಿದ್ದರೆ ಸಮಾಧಾನ ಹೇಳಬಹುದಾಗಿತ್ತು. ಇದು ಅವಮಾನದ ಮಾತು. ಭಟ್ಟರ ಕಂಕುಳಲ್ಲಿ ಬೆಳೆದ ಹುಡುಗನಿಗೆ ಅದು ತಿಳಿಯದಿರಲಿಲ್ಲ. ದೀಪಾವಳಿಗೆ ಇನ್ನೆರಡು ತಿಂಗಳಿತ್ತು.

ಬಾಡಿಗೆಯ ವ್ಯವಸ್ಥೆಗೆ ಕನ್ನಡದಲ್ಲಿ ಚೀಟಿ ಮಾಡಲು ಬಾರದು. ಆದರೆ ತನ್ನಲ್ಲಿರುವ ಲೆಕ್ಕವನ್ನು ಬೇರೊಂದು ಯಂತ್ರ ಬಂದು ಕೇಳಿದರೆ ಕೊಡುತ್ತದೆ. ಹಾಗೆ ಕೇಳಿ, ಕನ್ನಡಿಸಿ, ಮುದ್ರಿಸಲು ಪ್ರಿಂಟರಿನ ಬಳಿ ಒಂದು ಬುದ್ಧಿಯುಳ್ಳ ಯಂತ್ರ ಬೇಕು. ಹಳೆಯ ಗಣಕಯಂತ್ರವಾದರೋ ಹೊಗೆ ಮತ್ತು ಹಬೆಗೆ ಸೊರಗಿ ಕೊನೆಯುಸಿರೆಳೆಯುತ್ತಿದ್ದಿತು. ಹುಡುಗನು ಆರಿಸಿದ್ದು ರಾಸ್ಪ್‌ಬೆರಿ ಪೈ ಎಂಬ ಒಂದೇ ಹಲಗೆಯ ಗಣಕವನ್ನು. 85 ಮಿಲಿಮೀಟರ್ ಉದ್ದ, 56 ಮಿಲಿಮೀಟರ್ ಅಗಲ. ಅಂಗೈಯ ಮೇಲೆ ಕೂರುವ ವಸ್ತು. ಶಾಲೆಯ ಮಕ್ಕಳು ಗಣಕವನ್ನು ಭಯವಿಲ್ಲದೆ ಮುಟ್ಟಿ ಕಲಿಯಲಿ ಎಂಬ ಉದ್ದೇಶದಿಂದ ಇಂಗ್ಲೆಂಡಿನ ಕೇಂಬ್ರಿಜ್‌ನ ಎಬೆನ್ ಅಪ್ಟನ್ ಮತ್ತು ಸಂಗಡಿಗರು ಇದನ್ನು ರೂಪಿಸಿ, 2012ರ ಫೆಬ್ರವರಿ 29ರಂದು 35 ಡಾಲರಿಗೆ ಮಾರಾಟಕ್ಕೆ ತಂದರು. 2015ರ ನವೆಂಬರಿನಲ್ಲಿ ಇದರ ತಮ್ಮನಾದ ‘ಜೀರೊ’ ಎಂಬ 5 ಡಾಲರಿನ ಗಣಕವನ್ನು ಮಾಸಪತ್ರಿಕೆಯ ಮುಖಪುಟಕ್ಕೆ ಅಂಟಿಸಿ ಉಚಿತವಾಗಿ ಹಂಚಿದರಂತೆ. ಪತ್ರಿಕೆಯೊಡನೆ ಕ್ಯಾಲೆಂಡರನ್ನು ಪಡೆದು ಸಂತೋಷಿಸಿದ ವಾಚಕರಿಗೆ ಇದರ ಸೊಗಸು ಅರ್ಥವಾದೀತು.

ಹೆಸರನ್ನು ಕೇಳಿದ ಭಟ್ಟರು, “ಪೈಗಳೋ? ಯಾವ ಊರಿನ ಪೈಗಳು?” ಎಂದು ವಿಚಾರಿಸಿದರು. ಪೈಥಾನ್ ಎಂಬ ಗಣಕಭಾಷೆಯ ಹೆಸರಿನ ತುಣುಕು ಅದು ಎಂದು ಹುಡುಗನು ವಿವರಿಸಿದನು. ಭಟ್ಟರಿಗೆ ಅದರಿಂದ ವಿಶೇಷ ತೃಪ್ತಿಯಾದಂತೆ ಕಾಣಲಿಲ್ಲ.

ಮಹಡಿಯ ಮೇಲೆ ಒತ್ತಿದ ‘ಮಸಾಲೆ ದೋಸೆ’ ಮೆಟ್ಟಿಲಿಳಿದು ಅಡಿಗೆಮನೆಗೆ ಬರುವುದಿಲ್ಲ. ಅದು ಅಂತರಜಾಲದ ದಾರಿ ಹಿಡಿದು ದೂರದ ಮಹಾನಗರವೊಂದರಲ್ಲಿರುವ ಗಣಕಕ್ಕೆ ಹೋಗಿ, ಅಲ್ಲಿಂದ ಮರಳಿ ಬರಬೇಕು; ಹಿತ್ತಿಲಿಗೆ ಹೋಗಲು ಕಾಶಿಯನ್ನು ಸುತ್ತಿ ಬಂದಂತೆ. ಮರಳಿ ಬರುವಾಗ ಇನ್ನೊಂದು ತೊಡಕು. ಹೋಟೆಲಿನ ಅಂತರಜಾಲದ ಪೆಟ್ಟಿಗೆಯು ಹಳೆಯ ಕಾಲದ ಅತ್ತೆಯಂತೆ. ಒಳಗಿನವರು ಹೊರಗೆ ಹೋಗಿ ಬರಲು ಅಡ್ಡಿಯಿಲ್ಲ, ಹೊರಗಿನವರು ತಾವಾಗಿ ಬಂದು ಕದ ತಟ್ಟಿದರೆ ತೆರೆಯುವುದಿಲ್ಲ. ಆದುದರಿಂದ ಚೀಟಿ ಬಂದು ಪೈಯನ್ನು ಕರೆಯುವ ಬದಲು, ಪೈ ತಾನೇ ಎರಡು ಸೆಕೆಂಡಿಗೊಮ್ಮೆ ಹೊರಗೆ ಹೋಗಿ, “ನನಗೇನಾದರೂ ಚೀಟಿ ಇದೆಯೇ?” ಎಂದು ಕೇಳಿಬರುವಂತೆ ಹುಡುಗನು ಏರ್ಪಡಿಸಿದನು. ಅಂಚೆಯವನನ್ನು ಕಾಯದೆ ಅಂಚೆಕಚೇರಿಗೇ ಹೋಗಿ ವಿಚಾರಿಸುವ ಆತುರದ ಗೃಹಸ್ಥನ ಕ್ರಮವಿದು.

ಇಷ್ಟಾದ ಮೇಲೆ ಕನ್ನಡದ ಸರದಿ. ಹುಡುಗನು ತಿಂಡಿಗಳ ಹೆಸರನ್ನೆಲ್ಲ ಕನ್ನಡದಲ್ಲಿ ಬರೆದು ಪ್ರಿಂಟರಿಗೆ ಕಳುಹಿಸಿದನು. ಹೊರಬಂದುದು ಸಾಲುಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು! ಇಂಥ ಪ್ರಿಂಟರುಗಳ ಹೊಟ್ಟೆಯಲ್ಲಿ ರೋಮನ್ ಅಕ್ಷರಗಳೂ ಅಂಕಿಗಳೂ ಐರೋಪ್ಯ ಭಾಷೆಗಳ ಕೆಲವು ಅಕ್ಷರಗಳೂ ತುಂಬಿರುತ್ತವೆಯೇ ಹೊರತು ಕನ್ನಡ ಸಾಮಾನ್ಯವಾಗಿ ಇರುವುದಿಲ್ಲ. ತನಗೆ ತಿಳಿಯದ ಅಕ್ಷರ ಬಂದರೆ ಅದಕ್ಕೆ ಬದಲಾಗಿ ಒಂದು ಪ್ರಶ್ನೆಚಿಹ್ನೆ. ಭಟ್ಟರು ಚೀಟಿಯನ್ನು ನೋಡಿ, “ಇಷ್ಟೊಂದು ಪ್ರಶ್ನೆ ಕೇಳಿದರೆ ದೋಸೆ ಹುಯ್ಯುವುದು ಯಾವಾಗ?” ಎಂದರು.

ಪ್ರಿಂಟರಿಗೆ ಅಕ್ಷರ ತಿಳಿಯದಿದ್ದರೇನು, ಚಿತ್ರ ತಿಳಿಯುತ್ತದೆಯಷ್ಟೆ? ಆದ್ದರಿಂದ ಪೈಯೇ ಅಕ್ಷರಗಳನ್ನು ಚಿತ್ರವಾಗಿ ಬರೆದು, ಚುಕ್ಕೆಚುಕ್ಕೆಯಾಗಿ ಪ್ರಿಂಟರಿಗೆ ಒಪ್ಪಿಸುವಂತೆ ಮಾಡಬೇಕಾಯಿತು. ಈ ಯಂತ್ರದಲ್ಲಿ ಮಸಿಯಿಲ್ಲ; ಕಾದ ಚುಕ್ಕೆ ತಗುಲಿದ ಕಡೆ ಕಾಗದವೇ ಕಪ್ಪಾಗುತ್ತದೆ. 80 ಮಿಲಿಮೀಟರ್ ಅಗಲದ ಕಾಗದದಲ್ಲಿ 72 ಮಿಲಿಮೀಟರಿನಷ್ಟು ಮುದ್ರಿಸಬಹುದು. ಮಿಲಿಮೀಟರಿಗೆ 8ರಂತೆ ಒಂದು ಗೆರೆಗೆ 576 ಚುಕ್ಕೆಗಳು. ಹೆಂಗಳೆಯರು ಚುಕ್ಕೆಯಿಟ್ಟು ರಂಗವಲ್ಲಿ ಬಿಡಿಸುವಂತೆ ಈ ಚುಕ್ಕೆಗಳಲ್ಲಿ ಕನ್ನಡ ಮೂಡಬೇಕು.

ಮೂಡಿತು, ಆದರೆ ಒತ್ತಕ್ಷರಗಳು ಒಡೆದವು. ‘ಇಡ್ಲಿ’ಯು ‘ಇಡ್‌ಲಿ’ಯಾಯಿತು, ‘ಉಪ್ಪಿಟ್ಟು’ ‘ಉಪ್‌ಪಿಟ್‌ಟು’ ಆಗಿ ಕಾಗದದ ಆಚೆಗೆ ಕೈ ಚಾಚಿತು. ಇದಕ್ಕೆ ಕಾರಣವುಂಟು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಸಂಕೇತದಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯಿದೆ. ಗಣಕವು ಉಚ್ಚಾರಣೆಯ ಕ್ರಮದಲ್ಲಿ ಆ ಸಂಖ್ಯೆಗಳನ್ನು ಒಂದರ ಮುಂದೊಂದಾಗಿ ಇಟ್ಟುಕೊಳ್ಳುತ್ತದೆ. ಎರಡನೆಯ ಪಕಾರವು ಮೊದಲನೆಯದರ ಅಡಿಗೆ ಹೋಗಿ ಕೂರಬೇಕೆಂಬ ವಿವೇಕ ಆ ಸಂಖ್ಯೆಗಳಲ್ಲಿ ಇರುವುದಿಲ್ಲ. ಅಕ್ಷರಗಳನ್ನು ಹೆಣೆಯುವ ಬೇರೊಂದು ತಂತ್ರಾಂಶ ಅದನ್ನು ಮಾಡಬೇಕು. ಹಾರ್ಫ್‌ಬಜ್ ಎಂಬ ಅಂಥ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ. ಅದನ್ನು ಜೋಡಿಸಿದೊಡನೆ ಒತ್ತುಗಳು ವಿನಯದಿಂದ ತಮ್ಮ ತಮ್ಮ ಸ್ಥಾನಕ್ಕೆ ಇಳಿದವು. ಅರುವತ್ತರ ಕಣ್ಣು ಹಬೆಯ ನಡುವೆ ಓದಬೇಕಾದುದರಿಂದ ಅಕ್ಷರದ ಎತ್ತರ 6 ಮಿಲಿಮೀಟರಿರಲಿ ಎಂದು ಭಟ್ಟರೇ ಬೆರಳಿನಿಂದ ಅಳತೆ ತೋರಿಸಿದರು.

ಕನ್ನಡದ ಮೊದಲ ಚೀಟಿ ಬಂದಾಗ ಅವರು ಅದನ್ನು ತಾವೇ ಗಟ್ಟಿಯಾಗಿ ಓದಿದರು. “ಮೂರು ಖಾಲಿ ದೋಸೆ. ಒಂದು ಉಪ್ಪಿಟ್ಟು. ಈರುಳ್ಳಿ ಬೇಡ.” ಓದಿ ಮಾಣಿಯ ಕಡೆಗೆ ನೋಡಿ, “ನೀನಿನ್ನು ಹೊರಗೆ ಹೋಗಬಹುದು” ಎಂದರು.

ಆದರೂ ಊರಿಗೆ ಹೋಗುವ ಮಾತನ್ನು ಅವರು ಹಿಂದೆಗೆದುಕೊಳ್ಳಲಿಲ್ಲ. ಯಂತ್ರಕ್ಕೂ ಅಡಿಗೆಮನೆಗೂ ಇನ್ನೂ ಹೊಂದಾಣಿಕೆಯಾಗಿರಲಿಲ್ಲ. ಶಾಖದಿಂದ ಕಪ್ಪಾಗುವ ಕಾಗದವು ಕಾವಲಿಯ ಬಳಿ ಇಟ್ಟೊಡನೆ ತಾನಾಗಿಯೇ ಕಪ್ಪಿಟ್ಟಿತು. ಪ್ರಿಂಟರನ್ನು ಎದುರು ಗೋಡೆಗೆ ಸಾಗಿಸಬೇಕಾಯಿತು. ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ತು ಬಂದು ಹೋಗುವ ಅತಿಥಿ. ಬರೆಯುತ್ತಿರುವಾಗಲೇ ವಿದ್ಯುತ್ತು ಹೋದರೆ ಪೈಯ ನೆನಪಿನ ಕಾರ್ಡು ಕೆಡುವ ಭಯವಿರುವುದರಿಂದ, ಕಾರ್ಡನ್ನು ಓದುವುದೇ ಹೊರತು ಬರೆಯಕೂಡದೆಂದು ಕಟ್ಟುಮಾಡಿದ್ದಾಯಿತು. 2018ರಲ್ಲಿ ಹೊರಬಂದ ಆ ಮಾದರಿಯಲ್ಲಿ ಗಡಿಯಾರಕ್ಕೆ ಸ್ವಂತ ಬ್ಯಾಟರಿಯೂ ಇರಲಿಲ್ಲ. ವಿದ್ಯುತ್ತು ಬಂದ ಮೇಲೆ ಅಂತರಜಾಲ ಸಿಗುವವರೆಗೆ ಅದು ತಪ್ಪು ಹೊತ್ತನ್ನೇ ಹೇಳುವುದು. ಗುಂಡಿಯಂಥ ಬ್ಯಾಟರಿಯುಳ್ಳ ಚಿಕ್ಕ ಗಡಿಯಾರವೊಂದನ್ನು ಅದಕ್ಕೆ ಕಟ್ಟಿದ ಮೇಲೆ ಆ ದೋಷ ನೀಗಿತು.

ಉಳಿದುದು ಒಂದೇ, ಅದೇ ಎಲ್ಲಕ್ಕಿಂತ ಕಠಿಣವಾದುದು. ಚೀಟಿ ಮುದ್ರಣವಾಯಿತೆಂದು ಮಹಡಿಯವರಿಗೆ ತಿಳಿಯುವುದು ಹೇಗೆ? ಕಾಗದದ ಸುರುಳಿ ಮುಗಿದಿರಬಹುದು. ಆದುದರಿಂದ ಪೈಯು ಮೊದಲು ಪ್ರಿಂಟರನ್ನು “ಕಾಗದ ಇದೆಯೇ?” ಎಂದು ಕೇಳಿ, ಮುದ್ರಿಸಿ, ಆಮೇಲೆ “ಮುದ್ರಿಸಿದ್ದಾಯಿತು” ಎಂದು ದೂರದ ಗಣಕಕ್ಕೆ ವರದಿ ಮಾಡಬೇಕು. ಮುದ್ರಿಸಿದ ಮೇಲೆ, ವರದಿ ಮಾಡುವ ಮುನ್ನ ವಿದ್ಯುತ್ತು ಹೋದರೆ? ಅದೇ ಚೀಟಿ ಇನ್ನೊಮ್ಮೆ ಬರುತ್ತದೆ. ಒಬ್ಬನ ದೋಸೆ ಎರಡಾಗುತ್ತದೆ. ವರದಿಯನ್ನು ಮೊದಲೇ ಮಾಡಿಬಿಟ್ಟರೆ ಚೀಟಿ ಬಾರದೆಯೇ ಹೋಗಬಹುದು. ಒಬ್ಬನು ಹಸಿದು ಕೂರುತ್ತಾನೆ. ಎರಡರಲ್ಲಿ ಯಾವ ತಪ್ಪು ಮೇಲು? ಹುಡುಗನು ಭಟ್ಟರನ್ನೇ ಕೇಳಿದನು.

“ದೋಸೆ ಹೆಚ್ಚಾದರೆ ಯಾರಾದರೂ ತಿಂದಾರು. ಹಸಿದವನನ್ನು ಕಾಯಿಸಬಾರದು.”

ಹಾಗೆಯೇ ಆಯಿತು. ಎರಡನೆಯ ಬಾರಿ ಬರುವ ಚೀಟಿಯ ನೆತ್ತಿಯ ಮೇಲೆ ‘ಮರುಪ್ರತಿ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗುವಂತೆ ಮಾಡಲಾಯಿತು. ಅದನ್ನು ಕಂಡರೆ ಭಟ್ಟರು ಹಿಂದಿನ ಚೀಟಿಗಳನ್ನು ತಿರುವಿ ನೋಡುವರು.

ಇನ್ನೂ ಒಂದು ಕೊರತೆ ಇತ್ತು. ಕಾಗದ ಹೊರಬಂದಿತೆಂದು ಯಂತ್ರ ಹೇಳೀತು. ಭಟ್ಟರು ಓದಿದರೆಂದು ಅದು ಹೇಳಲಾರದು. ಹಿಂದೆ ಆ ಕೆಲಸವನ್ನು ಮಾಡುತ್ತಿದ್ದುದು “ಆಯ್ತು!” ಎಂಬ ಮಾತು. ಪೈಯ ಅಂಚಿನಲ್ಲಿ ತಂತಿ ಸಿಕ್ಕಿಸಲು 40 ಲೋಹದ ಕಡ್ಡಿಗಳಿರುತ್ತವೆ. ಹುಡುಗನು ಪೇಟೆಯ ವಿದ್ಯುತ್ ಸಾಮಾನಿನ ಅಂಗಡಿಯಿಂದ ಕರೆಗಂಟೆಯ ಗುಂಡಿಯೊಂದನ್ನು ತಂದು, ಆ ಕಡ್ಡಿಗಳಲ್ಲಿ ಎರಡಕ್ಕೆ ತಂತಿಯಿಂದ ಸೇರಿಸಿ, ಕೈಗೆಟುಕುವಷ್ಟು ಎತ್ತರದಲ್ಲಿ ಗೋಡೆಗೆ ಹೊಡೆದನು. ಭಟ್ಟರು ಅದನ್ನೊತ್ತಿದರೆ ಮಹಡಿಯಲ್ಲಿ ಮಾಣಿಯ ಕೈಯಲ್ಲಿನ ಮೊಬೈಲಿನ ಮೇಲೆ ಹಸಿರು ಗುರುತು ಮೂಡುವುದು.

ಭಟ್ಟರು ಗುಂಡಿಯನ್ನು ಬಹಳ ಹೊತ್ತು ನೋಡಿದರು. “ಇದು ನನ್ನ ಕೆಲಸವನ್ನು ಅಳೆಯುವುದಕ್ಕೋ?” ಎಂದು ಕೇಳಿದರು. ಪ್ರಶ್ನೆ ನಿರಾಧಾರವಾದುದಲ್ಲ. 1879ರಲ್ಲಿ ಅಮೆರಿಕದ ಓಹಾಯೋ ಪ್ರಾಂತದ ಡೇಟನ್ ಪಟ್ಟಣದಲ್ಲಿ ಜೇಮ್ಸ್ ರಿಟ್ಟಿ ಎಂಬ ಪಾನಗೃಹದ ಮಾಲೀಕನು ಗಲ್ಲಾಯಂತ್ರವನ್ನು ಕಂಡುಹಿಡಿದುದೇ ತನ್ನ ನೌಕರರು ಹಣ ಕದಿಯುತ್ತಾರೆಂಬ ಸಂಶಯದಿಂದ. ಅಂಗಡಿಯ ಯಂತ್ರಗಳ ವಂಶವೃಕ್ಷದ ಬೇರಿನಲ್ಲಿಯೇ ಅಪನಂಬಿಕೆ ಇದೆ. ಯಜಮಾನರಿಗೂ ದೋಸೆಯೊಂದಕ್ಕೆ ಎಷ್ಟು ನಿಮಿಷವಾಗುತ್ತದೆಂದು ಬರೆದಿಡುವ ಆಸೆ ಒಂದು ಗಳಿಗೆ ಮೂಡಿದುದುಂಟು. ಹುಡುಗನು ಒಪ್ಪಲಿಲ್ಲ. “ಅಲ್ಲ ಭಟ್ಟರೇ, ನೀವು ‘ಆಯ್ತು’ ಎಂದದ್ದು ಮೇಲೆ ಕೇಳಿಸಲಿ ಎಂದು ಅಷ್ಟೇ. ಎಷ್ಟು ಹೊತ್ತಿಗೆ ಒತ್ತಿದಿರೆಂದು ಎಲ್ಲಿಯೂ ಬರೆದಿಡುವುದಿಲ್ಲ” ಎಂದನು. ಬರೆದಿಡಲೂ ಇಲ್ಲ.

ದೂರದಲ್ಲಿರುವವರಿಗೆ ಮಾತನ್ನು ಕಳುಹಿಸುವ ಸಾಧನಗಳಿಗೆ ಈ ಕಾಲದಲ್ಲಿ ಬರವಿಲ್ಲ. ಕಳುಹಿಸಿದ ಮಾತು ಅವರಿಗೆ ಓದಲು ಬರುವ ಲಿಪಿಯಲ್ಲಿದೆಯೇ, ಅವರ ಮರುಮಾತು ಇತ್ತ ಕೇಳಿಸುತ್ತದೆಯೇ ಎಂದು ವಿಚಾರಿಸುವವರು ಮಾತ್ರ ವಿರಳ. ಎರಡು ತಿಂಗಳ ಶ್ರಮದಲ್ಲಿ ಚೀಟಿಯನ್ನು ಕಳುಹಿಸುವುದಕ್ಕೆ ಹಿಡಿದದ್ದು ಎರಡೇ ದಿನ. ಮಿಕ್ಕ ದಿನಗಳೆಲ್ಲ ಹೋದದ್ದು ಈ ವಿಚಾರಣೆಗೆ.

ಭಟ್ಟರು ಈಗ ಚೀಟಿಯನ್ನು ಓದಿ, ಗುಂಡಿಯೊತ್ತಿ, ಅದರ ಜೊತೆಗೆ “ಆಯ್ತು!” ಎಂದು ಗಟ್ಟಿಯಾಗಿ ಕೂಗುತ್ತಾರೆ. ಕೂಗು ಮಹಡಿಗೆ ಮುಟ್ಟುವುದಿಲ್ಲವೆಂದು ಅವರಿಗೂ ಗೊತ್ತು. ದೀಪಾವಳಿ ಕಳೆದ ಮೇಲೆ ಅವರು ಮಗಳ ಮನೆಗೆ ಹೋದದ್ದೂ ನಿಜ. ಎಂಟು ದಿನ ಇದ್ದು, ಒಂಬತ್ತನೆಯ ದಿನದ ಬೆಳಗಿನ ಬಸ್ಸಿಗೆ ಮರಳಿ ಬಂದರು.