ಟಿಫಿನ್ ಡಬ್ಬಿಯ ಜಗಳ

ಗಲ್ಫಿನಲ್ಲಿರುವ ನಮಗೆ ರಜೆ ಎಂದರೆ ಊರು. ಅದಕ್ಕೆ ಬೇರೆ ಅರ್ಥವಿಲ್ಲ. ಮಸ್ಕತ್ತಿನ ಆಸ್ಪತ್ರೆಯೊಂದರ ಫಾರ್ಮಸಿಯಲ್ಲಿ 13 ವರ್ಷಗಳಿಂದ ಇರುವ ನಾನು ರಜೆ ಸಿಕ್ಕಾಗಲೆಲ್ಲ ಹೋದದ್ದು ಪುತ್ತೂರಿಗೆ ಮಾತ್ರ. ಅಲ್ಲಿ ನಮ್ಮವರು ಇದ್ದಾರೆ, ಅಡಿಕೆ ತೋಟ ಇದೆ, ವಯಸ್ಸಾದ ಅತ್ತೆ ಇದ್ದಾರೆ, ಹತ್ತನೇ ಕ್ಲಾಸಿನ ಮಗಳು ಮತ್ತು ಆರನೇ ಕ್ಲಾಸಿನ ಮಗ ಇದ್ದಾರೆ. ಈ ಬಾರಿ, ಅಂದರೆ 2025ರ ಜೂನ್‌ನಲ್ಲಿ, ಮೊದಲ ಸಲ ಆ ಲೆಕ್ಕ ತಪ್ಪಿತು.

ಅಮೆರಿಕದ ರೆಡ್ಮಂಡ್‌ನಲ್ಲಿರುವ ನನ್ನ ತಂಗಿಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆ ಎಂದು ನಿಗದಿಯಾಯಿತು. ದೊಡ್ಡದೇನಲ್ಲ, ಸಣ್ಣ ರಂಧ್ರ ಮಾಡಿ ತೆಗೆಯುತ್ತಾರೆ, ಅದೇ ದಿನ ಮನೆಗೆ ಕಳುಹಿಸುತ್ತಾರೆ. ಆದರೆ ಎರಡು ಮಕ್ಕಳ ಮನೆ, ಕೆಲವು ವಾರ ಭಾರ ಎತ್ತುವಂತಿಲ್ಲ. ಅಮ್ಮನಿಗೆ ಮಂಡಿ ನೋವು, ಅಷ್ಟು ದೂರ ಕುಳಿತು ಹೋಗಲಾರರು. ತಂಗಿಯ ಒತ್ತಾಯಕ್ಕೆ ಎರಡು ವರ್ಷದ ಹಿಂದೆ ಮಾಡಿಸಿಟ್ಟ ವೀಸಾ ನನ್ನ ಪಾಸ್‌ಪೋರ್ಟಿನಲ್ಲಿ ಸುಮ್ಮನೆ ಕುಳಿತಿತ್ತು. 40 ದಿನದ ರಜೆಯನ್ನು ಎರಡು ಪಾಲು ಮಾಡಿದೆ. 20 ದಿನ ತಂಗಿಗೆ, 20 ದಿನ ಊರಿಗೆ.

ಮಗಳಿಗೆ ಫೋನಿನಲ್ಲಿ ಹೇಳುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಅವಳು, "ಆಯ್ತಮ್ಮ, ಹೋಗಿ ಬಾ. ಚಿಕ್ಕಮ್ಮನಿಗೆ ನೀನು ಬೇಕಲ್ಲ," ಎಂದಳು. ಎಷ್ಟು ಒಳ್ಳೆಯ ಹುಡುಗಿ ಎಂದು ಅಲ್ಲಿದ್ದವರೆಲ್ಲ ಹೊಗಳಿದರು. ನನಗೆ ಮಾತ್ರ ಅದು ಚುಚ್ಚಿತು. ಅವಳು ಬೇಡ ಎನ್ನಲಿಲ್ಲ, ಮುನಿಸಿಕೊಳ್ಳಲೂ ಇಲ್ಲ. ಯಾಕೆ ಚುಚ್ಚಿತು ಎಂದು ಆಗ ನನಗೇ ಗೊತ್ತಾಗಲಿಲ್ಲ.

ಮಸ್ಕತ್ತಿನಿಂದ ದುಬೈ, ಅಲ್ಲಿಂದ 14 ಗಂಟೆಗೂ ಹೆಚ್ಚು ಹಾರಿ ಸಿಯಾಟಲ್. ಅಲ್ಲಿಂದ ಕಾರಿನಲ್ಲಿ ರೆಡ್ಮಂಡ್. ರೆಡ್ಮಂಡ್ ಎಂದರೆ ಮೈಕ್ರೋಸಾಫ್ಟ್ ಎಂದಷ್ಟೇ ನನಗೆ ಗೊತ್ತಿದ್ದದ್ದು. ಕಂಪೆನಿ ಅಲ್ಲಿಗೆ ಬಂದದ್ದು 1986ರಲ್ಲಿ ಎಂದು ತಂಗಿಯ ಗಂಡ ದಾರಿಯಲ್ಲಿ ಹೇಳಿದರು. "ನಮ್ಮ ಪುತ್ತೂರಿನ ಕ್ಯಾಂಪ್ಕೊ ಚಾಕಲೇಟ್ ಕಾರ್ಖಾನೆ ಶುರುವಾದದ್ದೂ 1986ರಲ್ಲೇ," ಎಂದೆ. ಅವರಿಗೆ ನಗು ಬಂತು. ನಾನೇನೂ ತಮಾಷೆಗೆ ಹೇಳಿದ್ದಲ್ಲ.

ತಂಗಿಯ ಮನೆ ಎಜುಕೇಷನ್ ಹಿಲ್ ಎಂಬ ಏರಿನ ಬಡಾವಣೆಯಲ್ಲಿದೆ. ಸಿನಿಮಾದಲ್ಲಿ ತೋರಿಸುವ ಬಂಗಲೆ ಅಲ್ಲ. ಮರದ ಎರಡು ಅಂತಸ್ತಿನ ಸಾಧಾರಣ ಮನೆ, ಹಿಂದೆ ಸ್ವಲ್ಪ ಹುಲ್ಲು, ಬೇಲಿಯಾಚೆ ಆಕಾಶ ಮುಟ್ಟುವ ಡಗ್ಲಸ್ ಫರ್ ಮರಗಳು. ಮಸ್ಕತ್ತಿನ ಜೂನ್ ತಿಂಗಳ ಬೆಂಕಿಯಿಂದ ಬಂದವಳಿಗೆ ಆ ಹಸಿರು ನೋಡಿ ಮೊದಲ ದಿನ ಕಣ್ಣೇ ನಂಬಲಿಲ್ಲ. ಇನ್ನೊಂದು ಸೋಜಿಗ ಬೆಳಕು. ರಾತ್ರಿ ಒಂಬತ್ತಾದರೂ ಸೂರ್ಯ ಮುಳುಗುವುದಿಲ್ಲ. ಊಟವಾಗಿ ಪಾತ್ರೆ ತೊಳೆದರೂ ಅಂಗಳದಲ್ಲಿ ಬಿಸಿಲು. ಮಕ್ಕಳನ್ನು ಮಲಗಿಸುವುದೇ ದಿನಾ ಒಂದು ಯುದ್ಧ.

ಅಡುಗೆಮನೆ ನನ್ನ ಕೈಗೆ ಬಂತು. ಅಲ್ಲಿ ನಾನು ಕಲಿತದ್ದು ಸಣ್ಣ ಸಣ್ಣ ಉಪಾಯಗಳನ್ನು. ಇಡ್ಲಿ ಹಿಟ್ಟು ಹುದುಗಲು ಅದನ್ನು ಓವನ್‌ನೊಳಗೆ ಇಟ್ಟು, ಓವನ್ ಹಚ್ಚದೆ ಒಳಗಿನ ದೀಪ ಮಾತ್ರ ಹಚ್ಚುತ್ತಾರೆ. ಆ ದೀಪದ ಕಾವು ಸಾಕು, ಬೆಳಿಗ್ಗೆ ಹಿಟ್ಟು ಉಬ್ಬಿರುತ್ತದೆ. ಮೊಸರು ಹೆಪ್ಪಾಗುವುದೂ ಅಲ್ಲೇ. ಕಿಟಕಿಯ ಹತ್ತಿರ ಕುಂಡದಲ್ಲಿ ಒಂದು ಕರಿಬೇವಿನ ಗಿಡ. ಬೇಸಿಗೆಯಲ್ಲಿ ಹೊರಗೆ, ಚಳಿ ಬಂದ ಕೂಡಲೇ ಒಳಗೆ. ಹೊಸ ಚಿಗುರು ಬಂದರೆ ಮನೆಯವರೆಲ್ಲ ಸೇರಿ ನೋಡುತ್ತಾರೆ. ಊರಿನ ಹಿತ್ತಲಲ್ಲಿ ಕೊಂಬೆ ಮುರಿದು ತರುವ ನಾವು ಅಲ್ಲಿ ಎಲೆ ಎಣಿಸಿ ಒಗ್ಗರಣೆಗೆ ಹಾಕಿದೆವು.

ಫಾರ್ಮಸಿಯವಳ ಕಣ್ಣು ಎಲ್ಲಿ ಹೋದರೂ ಔಷಧಿಯ ಕಪಾಟಿಗೇ ಹೋಗುತ್ತದೆ. ನಾವು ಮಸ್ಕತ್ತಿನಲ್ಲಿ ಕಂಪೆನಿಯ ಪೆಟ್ಟಿಗೆಯನ್ನೋ ಸ್ಟ್ರಿಪ್ಪನ್ನೋ ಕೊಡುತ್ತೇವೆ. ಅಲ್ಲಿ ಮಾತ್ರೆಗಳನ್ನು ಎಣಿಸಿ ಕಿತ್ತಳೆ ಬಣ್ಣದ ಬಾಟಲಿಗೆ ತುಂಬುತ್ತಾರೆ. ಬೆಳಕಿಗೆ ಕೆಡದಿರಲಿ ಎಂದು ಆ ಬಣ್ಣ. ಮುಚ್ಚಳ ಒತ್ತಿ ತಿರುಗಿಸಿದರಷ್ಟೇ ತೆರೆಯುತ್ತದೆ. ಮಕ್ಕಳು ತಿಳಿಯದೆ ನುಂಗಬಾರದೆಂದು 1970ರಲ್ಲೇ ಅಲ್ಲಿ ಅದಕ್ಕೊಂದು ಕಾನೂನು ಬಂದಿದೆ. ನಾವು ಪ್ಯಾರಾಸಿಟಮಾಲ್ ಎನ್ನುವುದಕ್ಕೆ ಅಲ್ಲಿ ಅಸೆಟಾಮಿನೋಫೆನ್ ಎಂಬ ಹೆಸರು. ಊರಿನವರು ಡೋಲೊ ಎನ್ನುತ್ತಾರೆ, ಗಲ್ಫಿನವರು ಪೆನಡಾಲ್, ಅವರು ಟೈಲೆನಾಲ್. ನೋವು ಒಂದೇ, ಮಾತ್ರೆಯೂ ಒಂದೇ. ತಂಗಿಗೆ ಹೊತ್ತು ಹೊತ್ತಿಗೆ ನಾನೇ ಕೊಡುತ್ತಿದ್ದೆ. "ಅಕ್ಕಾ, ಇಲ್ಲಿಯೂ ಡ್ಯೂಟಿಯಾ?" ಎಂದು ಅವಳು ನಗಾಡುತ್ತಿದ್ದಳು. ನಕ್ಕರೆ ಹೊಲಿಗೆ ಎಳೆಯುತ್ತದೆಂದು ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು.

ಐದನೆಯ ದಿನವೋ ಆರನೆಯ ದಿನವೋ ಈ ಪ್ರಸಂಗ ನಡೆಯಿತು. ತಂಗಿಯ ಮಗನಿಗೆ ಒಂಬತ್ತು ವರ್ಷ. ಬೆಳಿಗ್ಗೆ ನಾನು ಚಪಾತಿಗೆ ತುಪ್ಪ, ಬೆಲ್ಲ ಹಾಕಿ ಸುರುಳಿ ಸುತ್ತಿ ಡಬ್ಬಿಗೆ ತುಂಬಿದ್ದೆ. ಸಂಜೆ ಹಳದಿ ಬಸ್ಸಿನಿಂದಿಳಿದು ಬಂದವನ ಡಬ್ಬಿ ತೆರೆದರೆ ಚಪಾತಿ ಹಾಗೆಯೇ ಇದೆ. ಸೋಫಾದಲ್ಲಿ ಮಲಗಿದ್ದ ತಂಗಿಗೆ ಕೋಪ ನೆತ್ತಿಗೇರಿತು. ದೊಡ್ಡಮ್ಮ ಅಷ್ಟು ದೂರದಿಂದ ಬಂದು ಮಾಡಿ ಕೊಟ್ಟದ್ದು, ನಿನಗೆ ಬೆಲೆ ಗೊತ್ತಿಲ್ಲ, ನಾಳೆಯಿಂದ ಖಾಲಿ ಡಬ್ಬಿ ತೆಗೆದುಕೊಂಡು ಹೋಗು ಎಂದು ಶುರುಮಾಡಿದಳು. ಅವನೂ ಬಿಡಲಿಲ್ಲ. ತಿನ್ನುತ್ತ ಕುಳಿತರೆ ಆಟಕ್ಕೆ ಹೊತ್ತು ಸಿಗುವುದಿಲ್ಲ ಎಂದು ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಕೂಗಿದ. ಬಾಗಿಲು ಧಡಾರನೆ ಹಾಕಿಕೊಂಡು ಮೇಲೆ ಹೋದ. ನಾನು ಡಬ್ಬಿ ಹಿಡಿದುಕೊಂಡು ನಡುವೆ ನಿಂತಿದ್ದೆ.

ಅರ್ಧ ಗಂಟೆಯೂ ಕಳೆದಿರಲಿಕ್ಕಿಲ್ಲ. ಹುಡುಗ ಮೆಟ್ಟಿಲಿಳಿದು ಬಂದು, ಏನೂ ಆಗಿಲ್ಲ ಎಂಬಂತೆ ಅಮ್ಮನ ಕಾಲ ಬಳಿ ಕುಳಿತ. ಅದೇ ಚಪಾತಿಯನ್ನು ತಣ್ಣಗೇ ತಿಂದ. ಅವಳ ಬೆರಳು ಅವನ ತಲೆಗೂದಲಲ್ಲಿ ಆಡುತ್ತಿತ್ತು. ಇಬ್ಬರೂ ಟಿವಿ ನೋಡುತ್ತಿದ್ದರು. ಕ್ಷಮಿಸು ಎಂದು ಯಾರೂ ಯಾರಿಗೂ ಹೇಳಲಿಲ್ಲ.

ನಾನು ಸಿಂಕಿನ ಎದುರು ನಿಂತು ಡಬ್ಬಿ ತೊಳೆಯುತ್ತ ಅತ್ತೆ. ನನಗೆ ಹೊಟ್ಟೆಕಿಚ್ಚಾಗಿತ್ತು. ತಂಗಿಯ ಮನೆಯ ಮೇಲಲ್ಲ, ಕಾರಿನ ಮೇಲಲ್ಲ, ಹಸಿರಿನ ಮೇಲೂ ಅಲ್ಲ. ಅವಳು ಮಗನನ್ನು ಗದರಿದಳಲ್ಲ, ಅದರ ಮೇಲೆ.

ಯೋಚಿಸಿ ನೋಡಿ. ಫೋನಿನಲ್ಲಿ ನಾವು ಮಕ್ಕಳನ್ನು ಗದರುವುದಿಲ್ಲ. ದಿನಕ್ಕೆ ಸಿಗುವುದೇ ಹತ್ತು ಹದಿನೈದು ನಿಮಿಷ, ಅದನ್ನು ಜಗಳದಲ್ಲಿ ಕಳೆಯಲು ಯಾರಿಗೆ ಮನಸ್ಸು ಬರುತ್ತದೆ? ಊಟ ಆಯಿತಾ, ಪರೀಕ್ಷೆ ಹೇಗಾಯಿತು, ಫೀಸು ಕಟ್ಟಿದರಾ, ಜ್ವರ ಬಿಟ್ಟಿತಾ. ಎಲ್ಲ ಮುಖ್ಯ ವಿಷಯಗಳೇ. ಅವರೂ ನಮಗೆ ಬೇಸರವಾಗದ ಉತ್ತರ ಕೊಡುತ್ತಾರೆ. ಹೀಗೆ ವರ್ಷಗಳು ಹೋಗಿ ನಾವು ಮಕ್ಕಳಿಗೆ ಒಳ್ಳೆಯ ಅತಿಥಿಗಳಾಗುತ್ತೇವೆ. ಅತಿಥಿಯ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ. ಮಗಳು "ಆಯ್ತಮ್ಮ, ಹೋಗಿ ಬಾ" ಎಂದಾಗ ಚುಚ್ಚಿದ್ದು ಇದೇ ಎಂದು ಆ ಸಿಂಕಿನ ಎದುರು ನನಗೆ ಗೊತ್ತಾಯಿತು.

ಮಂಗಳೂರಿನಲ್ಲಿ ಎರಡು ವರ್ಷದ ಡಿಪ್ಲೊಮಾ ಓದಿ, ಕೌಂಟರಿನಲ್ಲಿ ನಿಂತ ದಿನದಿಂದ ನಾನು ರೋಗಿಗಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲದ ಒಂದು ಮಾತಿದೆ. "ಒಂದು ಹೊತ್ತಿನ ಮಾತ್ರೆ ಮರೆತರೆ, ಮುಂದಿನ ಹೊತ್ತಿಗೆ ಎರಡು ನುಂಗಬೇಡಿ." ದಿನಾ ಸ್ವಲ್ಪ ಸ್ವಲ್ಪ ಸೇರಬೇಕಾದದ್ದು ಒಟ್ಟಿಗೆ ಸೇರಿದರೆ ಮೈಗೆ ಹಿಡಿಸುವುದಿಲ್ಲ. ಆದರೆ ರಜೆಯಲ್ಲಿ ನಾನು ಮಾಡುತ್ತಿದ್ದದ್ದು ಅದನ್ನೇ. ಹನ್ನೊಂದು ತಿಂಗಳು ಬಿಟ್ಟುಹೋದದ್ದನ್ನೆಲ್ಲ ಒಂದು ತಿಂಗಳಲ್ಲಿ ಕೊಡಲು ಹೊರಡುತ್ತಿದ್ದೆ. ಹೊಸ ಬಟ್ಟೆ, ಮಂಗಳೂರಿನ ಐಸ್‌ಕ್ರೀಂ, ದೇವಸ್ಥಾನ, ಬೀಚು, ದಿನಕ್ಕೊಂದು ಸಿಹಿ. ಮಕ್ಕಳು ನನ್ನೆದುರು ಸಹಜವಾಗಿ ಹಟ ಮಾಡಲು ಶುರುಮಾಡುವ ಹೊತ್ತಿಗೆ ಸೂಟ್‌ಕೇಸ್ ಕಟ್ಟುವ ದಿನ ಬಂದಿರುತ್ತಿತ್ತು.

ಆ ದಿನದ ನಂತರ ನಾನು ಆ ಮನೆಯನ್ನು ಬೇರೆ ಕಣ್ಣಿನಿಂದ ನೋಡಿದೆ. ಅಮೆರಿಕದ ಮನೆಯ ಸುಖ ಎಂದು ನಾವು ಅಂದುಕೊಂಡದ್ದೆಲ್ಲ ಅಲ್ಲಿ ಮೂಲೆಯಲ್ಲಿತ್ತು. ನಿಜವಾದ ಸುಖ ಇದ್ದದ್ದು ಹೇಳಿದರೆ ನಗುವಂಥ ಸಂಗತಿಗಳಲ್ಲಿ. ಕಸದ ಗಾಡಿ ಬರುವ ಹಿಂದಿನ ರಾತ್ರಿ ತಂಗಿಯ ಗಂಡ ಚಕ್ರದ ಡಬ್ಬಗಳನ್ನು ಎಳೆದು ರಸ್ತೆಯ ಅಂಚಿಗೆ ಇಡುತ್ತಾರೆ. ಪಕ್ಕದ ಮನೆಯವರೂ ಅದೇ ಹೊತ್ತಿಗೆ ಬರುತ್ತಾರೆ. ಇಬ್ಬರೂ ಹವೆಯ ಬಗ್ಗೆ ಹತ್ತು ನಿಮಿಷ ಮಾತಾಡಿ ಒಳಗೆ ಬರುತ್ತಾರೆ. ಮೋಡ ಸರಿದ ದಿನ ದೂರದಲ್ಲಿ 14,410 ಅಡಿಯ ರೈನಿಯರ್ ಪರ್ವತ ಹಿಮ ಹೊದ್ದು ಕಾಣುತ್ತದೆ. "ಇವತ್ತು ಬೆಟ್ಟ ಹೊರಗೆ ಬಂದಿದೆ" ಎನ್ನುವುದು ಅಲ್ಲಿನ ಜನರ ಮಾತು. ಬೆಟ್ಟ ಎಲ್ಲಿಯೂ ಹೋಗಿರುವುದಿಲ್ಲ. ಆದರೂ ದಿನಾ ನೋಡುವವರಿಗೂ ಅದು ಸುದ್ದಿ.

ಆ ಮೇ ತಿಂಗಳಲ್ಲಷ್ಟೇ ಲೈಟ್ ರೈಲು ಡೌನ್‌ಟೌನ್ ರೆಡ್ಮಂಡ್‌ವರೆಗೆ ಬಂದಿತ್ತು. ಒಂದು ಶನಿವಾರ ಮಕ್ಕಳು ನನ್ನನ್ನು ಅದರಲ್ಲಿ ಕೂರಿಸಿದರು. ಒಂದೇ ಒಂದು ಸ್ಟೇಷನ್, ಮೇರಿಮೂರ್ ವಿಲೇಜ್‌ಗೆ. ಇಳಿದು ಮೇರಿಮೂರ್ ಪಾರ್ಕಿಗೆ ನಡೆದೆವು. ನಾಯಿಗಳಿಗೇ ಬೇರೆ ಜಾಗವಿರುವ ವಿಶಾಲವಾದ ಪಾರ್ಕು. ಒಂದು ಕಡೆ ಕ್ರಿಕೆಟ್ ನಡೆದಿತ್ತು. ನಮ್ಮ ದೇಶದ ನಾಲ್ಕೈದು ಭಾಷೆಗಳಲ್ಲಿ ಔಟ್‌ಗಾಗಿ ಕೂಗು. ರೂವಿಯ ಖಾಲಿ ಜಾಗಗಳಲ್ಲಿ ಶುಕ್ರವಾರ ಆಡುವ ನಮ್ಮ ಹುಡುಗರು ನೆನಪಾದರು. ಹುಲ್ಲಿನ ಮೇಲೆ ಕುಳಿತು ಚುರುಮುರಿ ತಿಂದೆವು. ತಂಗಿಯ ಹದಿಮೂರು ವರ್ಷದ ಮಗಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಫೋನು ನೋಡುತ್ತಿದ್ದಳು. ಫೋನು ಇಡು ಎಂದು ಗದರಿದೆ. "ದೊಡ್ಡಮ್ಮಾ, ಪ್ಲೀಸ್," ಎಂದು ಮುಖ ಸಿಂಡರಿಸಿದಳು. ನನಗೆ ಯಾಕೋ ಬಹಳ ಸಂತೋಷವಾಯಿತು.

ಬೆಳಿಗ್ಗೆ ಅಲ್ಲಿ ಏಳೂವರೆ ಎಂದರೆ ಪುತ್ತೂರಿನಲ್ಲಿ ರಾತ್ರಿ ಎಂಟು. ನಾನು ಇಲ್ಲಿಯ ಹುಡುಗನ ಡಬ್ಬಿ ತುಂಬುವಾಗ ಅಲ್ಲಿ ನನ್ನ ಮಗಳ ಡಬ್ಬಿ ತೊಳೆದು ಬೋರಲು ಹಾಕಿರುತ್ತಿತ್ತು. ಅದರಲ್ಲಿ ಏನಿತ್ತು, ಎಷ್ಟು ಉಳಿದಿತ್ತು? ಹದಿಮೂರು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.

ಉಳಿದ 20 ದಿನ ಊರಿಗೆ ಹೋದೆ. ಧಾರಾಕಾರ ಮಳೆ, ತೋಟದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಗಡಿಬಿಡಿ. ಈ ಸಲ ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ಡಬ್ಬಿ ತುಂಬಿದೆ, ಒದ್ದೆ ಸಮವಸ್ತ್ರವನ್ನು ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸಿದೆ, ಕೊಡೆ ಕಳೆದುಕೊಂಡು ಬಂದ ಮಗನಿಗೆ ಬೈದೆ. ಅವನು ಅಪ್ಪನ ಮುಖ ನೋಡಿದ, ಇವಳಿಗೇನಾಯಿತು ಎಂಬಂತೆ. ಮಗಳು ಮಾತ್ರ ಹೊರಡುವ ದಿನದವರೆಗೂ ಅದೇ ಒಳ್ಳೆಯ ಹುಡುಗಿ.

ಮಸ್ಕತ್ತಿಗೆ ಮರಳಿದ ಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಡ್ಯೂಟಿ ಇಲ್ಲದ ಸಂಜೆ ಮಗಳು ಫೋನನ್ನು ಅಡುಗೆಮನೆಯ ಡಬ್ಬಿಗಳಿಗೆ ಒರಗಿಸಿ ಇಡುತ್ತಾಳೆ. ನಾನು ಇಲ್ಲಿ ಹಾಸ್ಟೆಲಿನಲ್ಲಿ ತರಕಾರಿ ಹೆಚ್ಚುತ್ತೇನೆ, ಅತ್ತೆ ಅಲ್ಲಿ ಕಾಯಿ ತುರಿಯುತ್ತಾರೆ. ಮಾತಾಡಲೇಬೇಕೆಂದಿಲ್ಲ. ಎಷ್ಟೋ ಹೊತ್ತು ಕುಕ್ಕರಿನ ಸೀಟಿ ಮಾತ್ರ ಕೇಳುತ್ತದೆ. ಆಗಸ್ಟಿನ ಒಂದು ಸಂಜೆ ಮಗಳು ಡಬ್ಬಿ ತೆರೆದು ಅನ್ನವನ್ನು ಮೆಲ್ಲಗೆ ಕಲಗಚ್ಚಿಗೆ ಸುರಿಯುವುದು ಕಂಡಿತು. "ಏನದು? ಮಧ್ಯಾಹ್ನ ಉಪವಾಸವಾ? ಅಜ್ಜಿ ಬೆಳಿಗ್ಗೆ ಐದಕ್ಕೆ ಎದ್ದು ಮಾಡಿದ್ದಲ್ವಾ?" ಎಂದು ದನಿ ಏರಿಸಿದೆ. ಅವಳು ಬೆಚ್ಚಿಬಿದ್ದು ತಿರುಗಿದಳು. "ನೀನು ಅಲ್ಲಿ ಕೂತು ಬೈಯಬೇಡ. ನಿನಗೆ ಇಲ್ಲಿಯದೇನು ಗೊತ್ತು?" ಎಂದು ಫೋನನ್ನು ಬೋರಲು ಹಾಕಿಬಿಟ್ಟಳು. ಕತ್ತಲು.

ಆ ಮಾತು ನಿಜ. ಅದಕ್ಕೇ ಆ ರಾತ್ರಿ ನಿದ್ದೆ ಬರಲಿಲ್ಲ. ಆದರೂ ಒಂದು ಬಗೆಯ ನೆಮ್ಮದಿ. ಹದಿಮೂರು ವರ್ಷ ಒಳಗೇ ಇಟ್ಟುಕೊಂಡಿದ್ದನ್ನು ಅವಳು ಕೊನೆಗೂ ಅಮ್ಮನ ಮುಖಕ್ಕೇ ಹೇಳಿದಳು.

ಮರುದಿನ ಅವಳೇ ಕರೆ ಮಾಡಿದಳು. ಖಾಲಿ ಡಬ್ಬಿಯನ್ನು ಕ್ಯಾಮೆರಾಕ್ಕೆ ಹಿಡಿದು, "ನೋಡು," ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಪಲ್ಯ ಮಾತ್ರ ಪಕ್ಕದವಳಿಗೆ ಕೊಟ್ಟೆ. ತೊಂಡೆಕಾಯಿ ನನಗೆ ಇಷ್ಟ ಇಲ್ಲ," ಎಂದಳು. ಅವಳಿಗೆ ತೊಂಡೆಕಾಯಿ ಇಷ್ಟವಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ.

ನನ್ನ ಕರಾರು ಈ ಡಿಸೆಂಬರಿಗೆ ಮುಗಿಯುತ್ತದೆ. ಮುಂದಿನ ಎರಡು ವರ್ಷದ ಕಾಗದ ಮೇಜಿನ ಮೇಲಿದೆ. ಮನೆ ಸಾಲದ್ದು ಇನ್ನು ಹದಿನಾಲ್ಕು ಕಂತು ಬಾಕಿ. ಮಗಳ ಪಿಯುಸಿ ಎದುರಿಗಿದೆ. ನಮ್ಮವರು "ನಿನ್ನ ಇಷ್ಟ" ಎನ್ನುತ್ತಾರೆ. ನಿಮ್ಮಲ್ಲಿ ಎಷ್ಟೋ ಮಂದಿಯ ಮೇಜಿನ ಮೇಲೂ ಇಂಥದೇ ಕಾಗದ, ಇಂಥದೇ ಲೆಕ್ಕ ಇರುತ್ತದೆ. ಸಹಿ ಹಾಕಿ ಎಂದಾಗಲಿ ಬೇಡ ಎಂದಾಗಲಿ ಹೇಳಲು ನಾನು ಯಾರು? ನಾನೇ ಇನ್ನೂ ಹಾಕಿಲ್ಲ. ಮೊದಲೆಲ್ಲ ಆ ಲೆಕ್ಕದಲ್ಲಿ ಕಂತು, ಫೀಸು, ಚಿನ್ನ ಇಷ್ಟೇ ಇರುತ್ತಿದ್ದವು. ಈಗ ಇನ್ನೊಂದು ಸಾಲು ಸೇರಿಸಿದ್ದೇನೆ, ಟಿಫಿನ್ ಡಬ್ಬಿ ಎಂದು.

ಇವತ್ತು ಸಂಜೆ ಡ್ಯೂಟಿ ಇಲ್ಲ. ಬೆಂಡೆಕಾಯಿ ತಂದಿಟ್ಟಿದ್ದೇನೆ. ಇನ್ನು ಸ್ವಲ್ಪ ಹೊತ್ತಿಗೆ ಅಲ್ಲಿ ಕುಕ್ಕರ್ ಇಡುತ್ತಾರೆ.