ಅಚ್ಚು ತಪ್ಪಿದ ನಾಣ್ಯಗಳ ಬೆನ್ನು ಹತ್ತಿ

ಕಿತ್ತೂರಿನ ಕೋಟೆಯನ್ನು ನೋಡಬಂದವರು ಥ್ಯಾಕರೆ ಮಡಿದ ಕಥೆಯನ್ನು ಕೇಳಿ ತೃಪ್ತರಾಗಿ ಹಿಂದಿರುಗುವುದು ವಾಡಿಕೆ. 1824ರ ಅಕ್ಟೋಬರ್ 23ರ ಆ ಕಾಳಗದ ವೃತ್ತಾಂತ ಶಾಲೆಯ ಮಕ್ಕಳಿಗೂ ಬಾಯಿಪಾಠ. ಆದರೆ ಅಂದು ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಆಂಗ್ಲ ಅಧಿಕಾರಿಗಳಲ್ಲಿ ಒಬ್ಬನ ಮುಂದಿನ ಬಾಳು ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ. ಆತನ ಹೆಸರು ವಾಲ್ಟರ್ ಎಲಿಯಟ್. ಆಗ ವಯಸ್ಸು ಇಪ್ಪತ್ತೊಂದು. ಕೆಲವು ವಾರಗಳ ಸೆರೆವಾಸದ ಬಳಿಕ ಬಿಡುಗಡೆ ಹೊಂದಿದ ಈ ತರುಣನು ಮುಂದೆ ಇದೇ ಸೀಮೆಯ ಕಲ್ಬರಹಗಳ ಪ್ರತಿಗಳನ್ನು ನೂರಾರು ಸಂಖ್ಯೆಯಲ್ಲಿ ಮಾಡಿಸಿದನು. ದಕ್ಷಿಣ ದೇಶದ ಹಳೆಯ ನಾಣ್ಯಗಳನ್ನು ಜೀವಮಾನವೆಲ್ಲ ಕೂಡಿಹಾಕಿದನು. 1886ರಲ್ಲಿ, ಎಂಬತ್ತಮೂರರ ವೃದ್ಧಾಪ್ಯದಲ್ಲಿ, ದೃಷ್ಟಿ ಕಳೆದುಕೊಂಡಿದ್ದರೂ, ದಕ್ಷಿಣ ಭಾರತದ ನಾಣ್ಯಗಳನ್ನು ಕುರಿತ ಗ್ರಂಥವನ್ನು ಹೊರತಂದನು. ಮರುವರ್ಷವೇ ತೀರಿಕೊಂಡನು. ನಾಣ್ಯದ ಹುಚ್ಚಿಗೂ ಕಿತ್ತೂರಿಗೂ ಇರುವ ನಂಟು ಇಷ್ಟು ಹಳೆಯದು.

ಇಂದಿನ ಹುಚ್ಚಿನ ಬಗೆಯೇ ಬೇರೆ. ಹೊನ್ನು ಗದ್ಯಾಣಗಳನ್ನು ಕೊಳ್ಳುವ ಶಕ್ತಿ ಸಂಬಳದವರಿಗೆ ಎಲ್ಲಿಂದ ಬರಬೇಕು? ಅವರು ಅಂಗಡಿಯಲ್ಲಿ ಮರಳಿ ಬಂದ ಚಿಲ್ಲರೆಯನ್ನೇ ಅಂಗೈಯಲ್ಲಿ ಹರಡಿ, ಟಂಕಸಾಲೆಯ ಕಣ್ಣು ತಪ್ಪಿಸಿ ಹೊರಬಿದ್ದ ದೋಷದ ಬಿಲ್ಲೆಯೊಂದು ಸಿಕ್ಕೀತೇ ಎಂದು ಹುಡುಕುತ್ತಾರೆ. ದೋಷವೇ ಇಲ್ಲಿ ಗುಣ. ಖರ್ಚಾದರೋ ಏನೂ ಇಲ್ಲ. ಸಿಕ್ಕದಿದ್ದರೆ ಅದೇ ನಾಣ್ಯದಿಂದ ಚಹಾ ಕುಡಿಯಬಹುದು.

ಹಿಂದಿನವರು ಈ ಹವ್ಯಾಸವನ್ನು ಕಂಡಿದ್ದರೆ ನಕ್ಕುಬಿಡುತ್ತಿದ್ದರು. ಲೊಕ್ಕಿಗುಂಡಿಯ ಕಮ್ಮಟದಲ್ಲಾಗಲಿ, ಬಾಗಲಕೋಟೆಯ ಮಲ್ಹಾರಶಾಹಿ ರೂಪಾಯಿಯ ಟಂಕಸಾಲೆಯಲ್ಲಾಗಲಿ ಅಚ್ಚಿನ ಮೇಲೆ ಸುತ್ತಿಗೆಯ ಪೆಟ್ಟು ಹಾಕುತ್ತಿದ್ದುದು ಮನುಷ್ಯನ ಕೈ. ರೂಪಾಯಿಯ ಅಚ್ಚು ಎಷ್ಟೋ ವೇಳೆ ಬಿಲ್ಲೆಗಿಂತ ದೊಡ್ಡದಾಗಿದ್ದುದರಿಂದ ಬರಹದ ಒಂದು ಪಾಲು ಹೊರಗೇ ಉಳಿಯುತ್ತಿತ್ತು. ಪೂರ್ತಿ ಅಕ್ಷರವುಳ್ಳ ರೂಪಾಯಿಯೇ ಆಗ ಅಪರೂಪ. ಸರಾಫನು ನೋಡುತ್ತಿದ್ದುದು ತೂಕವನ್ನೂ ಲೋಹದ ಶುದ್ಧಿಯನ್ನೂ. ಅಕ್ಷರ ಸರಿದಿದ್ದರೆ ಅವನಿಗೇನು ನಷ್ಟ? ಯಂತ್ರ ಬಂದು, ಲಕ್ಷೋಪಲಕ್ಷ ನಾಣ್ಯಗಳು ಒಂದೇ ತೆರನಾದ ಮೇಲೆಯೇ ತಪ್ಪಿಗೆ ಬೆಲೆ ಬಂದದ್ದು.

ಕಿತ್ತೂರಿನಿಂದ ಉತ್ತರಕ್ಕೆ ಹೊರಟರೆ ಎರೆಹೊಲಗಳ ನಡುವೆ ಬೈಲಹೊಂಗಲ ಸಿಗುತ್ತದೆ. 1829ರಲ್ಲಿ ಚೆನ್ನಮ್ಮ ಸೆರೆಯಲ್ಲಿಯೇ ಕೊನೆಯುಸಿರೆಳೆದದ್ದು ಇಲ್ಲಿ. ಆಕೆಯ ಸಮಾಧಿಯೂ ಇಲ್ಲಿಯೇ. ಹತ್ತಿಯ ವ್ಯಾಪಾರದಿಂದ ಬೆಳೆದ ಈ ಊರಿನ ಪೇಟೆಯಲ್ಲಿ ಗಲ್ಲಾಪೆಟ್ಟಿಗೆಗಳಿಗೆ ಕೊರತೆಯಿಲ್ಲ. ಆ ಪೆಟ್ಟಿಗೆಗೆ ಬೀಳುವ ನಾಣ್ಯದ ಇಸವಿಯ ಕೆಳಗೆ ಕಣ್ಣಿಟ್ಟರೆ ಅದರ ತವರು ತಿಳಿಯುತ್ತದೆ: ಚಿಕ್ಕ ವಜ್ರಾಕೃತಿಯಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದು, ದುಂಡು ಚುಕ್ಕೆಯಿದ್ದರೆ ನೋಯ್ಡಾ, ಗುರುತೇ ಇಲ್ಲದಿದ್ದರೆ ಕೋಲ್ಕತ್ತ.

ತಪ್ಪು ಹುಟ್ಟುವ ಬಗೆ ತಿಳಿಯಲು ಟಂಕಸಾಲೆಯ ಒಳಗನ್ನು ಕೊಂಚ ಊಹಿಸಿಕೊಳ್ಳಬೇಕು. ಲೋಹದ ತಗಡಿನಿಂದ ಬಿಲ್ಲೆಗಳನ್ನು ಕತ್ತರಿಸಿ, ಕಾಯಿಸಿ ಮೆದುಮಾಡಿ, ಅಂಚು ಏಳಿಸಿ, ಉಕ್ಕಿನ ಬಳೆಯೊಂದರೊಳಗೆ ಕೂರಿಸಿ, ಮೇಲೊಂದು ಕೆಳಗೊಂದು ಅಚ್ಚಿನಿಂದ ಒತ್ತುತ್ತಾರೆ. ಬಿಲ್ಲೆ ಬಳೆಯೊಳಗೆ ಸರಿಯಾಗಿ ಕೂರದೆ ಪಕ್ಕಕ್ಕೆ ಸರಿದರೆ ಚಿತ್ರ ಒಂದು ಬದಿಗೆ ಬಿದ್ದು, ಮತ್ತೊಂದು ಬದಿ ಬೋಳಾಗಿ ಉಳಿಯುವುದು. ತಗಡಿನಲ್ಲಿ ಮೊದಲೇ ಬಿದ್ದ ತೂತಿನ ಮೇಲೆ ಕತ್ತರಿ ಮತ್ತೆ ಇಳಿದರೆ ಇಲಿ ಕಚ್ಚಿದ ರೊಟ್ಟಿಯಂಥ ನಾಣ್ಯ ಹೊರಬರುವುದು. ಒತ್ತಿದ ನಾಣ್ಯ ಉದುರದೆ ಅಚ್ಚಿಗೇ ಅಂಟಿಕೊಂಡರೆ ಇನ್ನೂ ಸ್ವಾರಸ್ಯ: ಮುಂದೆ ಬಂದ ಬಿಲ್ಲೆಯ ಒಂದು ಮುಖದಲ್ಲಿ ಉಬ್ಬಾದ ಚಿತ್ರ, ಇನ್ನೊಂದರಲ್ಲಿ ಅದೇ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ, ತಗ್ಗಾಗಿ. ಸಂಗ್ರಾಹಕರು ಇದನ್ನು ‘ಲಖಿ’ ಎನ್ನುವುದುಂಟು. ಇವೆಲ್ಲ ದುರ್ಲಭ. ಸಾಮಾನ್ಯನಿಗೆ ದಕ್ಕಬಹುದಾದದ್ದು ಅಚ್ಚು ತಿರುಗಿದ ನಾಣ್ಯ. ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ಮಗುಚಿದರೆ ನಮ್ಮ ರೂಪಾಯಿಯ ಹಿಂಬದಿ ನೆಟ್ಟಗೆ ನಿಲ್ಲಬೇಕು. ಓರೆಯಾಗಿ ಅಥವಾ ತಲೆಕೆಳಗಾಗಿ ನಿಂತರೆ ತೆಗೆದಿಡತಕ್ಕದ್ದು.

ಆದರೆ ಬಹುತೇಕ ನಾಣ್ಯಗಳ ಹಿರಿಯ ಸಂಗಮಸ್ಥಾನ ಸವದತ್ತಿ. ಸುಗಂಧವರ್ತಿಯೆಂಬ ಹೆಸರಿನಿಂದ ರಟ್ಟರಿಗೆ ರಾಜಧಾನಿಯಾಗಿದ್ದ ಊರು. ಈಗ ನಾಡಿಗೆಲ್ಲ ಅದು ಎಲ್ಲಮ್ಮನ ಗುಡ್ಡದ ದಾರಿ. ಭಾರತ ಹುಣ್ಣಿಮೆಗೆ ಕರ್ನಾಟಕ, ಮಹಾರಾಷ್ಟ್ರ, ಆಂಧ್ರ, ತೆಲಂಗಾಣಗಳಿಂದ ಜನ ಹರಿದುಬರುವಾಗ ಅವರ ಸೆರಗಿನ ಗಂಟಿನಲ್ಲಿ, ಧೋತರದ ಮಡಿಕೆಯಲ್ಲಿ ನಾಲ್ಕು ಟಂಕಸಾಲೆಗಳ ದುಡ್ಡೂ ಗುಡ್ಡ ಏರುತ್ತದೆ. ‘ಉಧೋ ಉಧೋ’ ಎಂಬ ಕೂಗಿನ ನಡುವೆ ಒಂದಿಷ್ಟು ಹುಂಡಿಗೆ, ಒಂದಿಷ್ಟು ಜೋಗತಿಯ ಪಡಲಿಗೆಗೆ, ಉಳಿದದ್ದು ಕಾಯಿ-ಕರ್ಪೂರದ ಅಂಗಡಿಗೆ. ಎಲ್ಲಕ್ಕೂ ಭಂಡಾರದ ಹಳದಿ ಮೆತ್ತಿರುತ್ತದೆ. ಈ ಹಳದಿಯನ್ನು ತಿಕ್ಕಿ ತೊಳೆಯುವ ಉತ್ಸಾಹ ಬೇಡ. ಹುಣಿಸೆಹಣ್ಣು ಹಾಕಿ ಬೆಳಗಿದ ನಾಣ್ಯ ಅತ್ತೆಯ ಕಣ್ಣಿಗೆ ಚೆಂದ, ಸಂಗ್ರಾಹಕನ ಕಣ್ಣಿಗೆ ಅಲ್ಲ.

ಇಲ್ಲಿ ವ್ಯಾಪಾರಕ್ಕೆ ಕೂತ ಅಜ್ಜಿಯರ ಬೆರಳುಗಳಿಗೆ ಒಂದು ಫಜೀತಿಯುಂಟು. 2007ರಲ್ಲಿ ಬಂದ ಹಸ್ತಮುದ್ರೆಯ ಒಂದು ರೂಪಾಯಿಯ ಅಗಲ 25 ಮಿಲಿಮೀಟರು. 2011ರ ಎರಡು ರೂಪಾಯಿಯ ಅಗಲವೂ ಅಷ್ಟೇ! ಎರಡೂ ಉಕ್ಕಿನವು, ಎರಡೂ ದುಂಡಗೆ. ಮಬ್ಬುಗತ್ತಲಲ್ಲಿ ಕೈಯಿಂದಲೇ ಎಣಿಸುವವಳಿಗೆ ಇದು ಯಂತ್ರದ ತಪ್ಪಲ್ಲ, ಯೋಜಿಸಿದವರ ತಪ್ಪು. ಇಂಥ ದೋಷವನ್ನು ಯಾರೂ ಸಂಗ್ರಹಿಸುವುದಿಲ್ಲ. ಅದರ ನಷ್ಟ ಮಾತ್ರ ಅಜ್ಜಿಯದು.

ದೋಷಕ್ಕೆ ಬೆಲೆಯೆಂದ ಮೇಲೆ ಅದನ್ನು ಕೈಯಾರೆ ಹುಟ್ಟಿಸುವವರೂ ಹುಟ್ಟಿಕೊಂಡಿದ್ದಾರೆ. ಎರಡು ನಾಣ್ಯಗಳನ್ನು ಇಕ್ಕಳದಲ್ಲಿ ಒತ್ತಿ ‘ಲಖಿ’ ಮಾಡುತ್ತಾರೆ. ಆದರೆ ಹಾಗೆ ಒತ್ತಿದಾಗ ಎದುರು ಮುಖ ಚಪ್ಪಟೆಯಾಗಿ ಕಳ್ಳತನ ಹೊರಬೀಳುತ್ತದೆ. ಕಚ್ಚಿದ ನಾಣ್ಯ ನಿಜವಾದದ್ದಾದರೆ ಕಚ್ಚಿನ ನೇರ ಎದುರಿನ ಅಂಚು ಸಾಮಾನ್ಯವಾಗಿ ಸೊರಗಿರುತ್ತದೆ. ಅರದಿಂದ ತೇಯ್ದದ್ದಾದರೆ ಅಂಚು ಎಲ್ಲೆಡೆಯೂ ಪುಷ್ಟವಾಗಿರುತ್ತದೆ. ಅಲ್ಲದೆ ನಾಣ್ಯವನ್ನು ವಿರೂಪಗೊಳಿಸುವುದು 2011ರ ನಾಣ್ಯ ಕಾಯಿದೆಯಂತೆ ಶಿಕ್ಷಾರ್ಹ ಅಪರಾಧ.

ಮಲಪ್ರಭೆಯ ದಂಡೆಯ ರಾಮದುರ್ಗಕ್ಕೆ ಬರುವ ಹೊತ್ತಿಗೆ ಮಾತು ಹವ್ಯಾಸವನ್ನು ಬಿಟ್ಟು ಹೊಟ್ಟೆಪಾಡಿಗೆ ಇಳಿಯುತ್ತದೆ. 1948ರವರೆಗೆ ಭಾವೆ ಮನೆತನದ ಸಂಸ್ಥಾನವಾಗಿದ್ದ ಈ ಊರು ನೇಕಾರರದು. ದಿನದ ಕೂಲಿಯ ಮೇಲೆ ಮನೆ ನಡೆಸುವವರು ಬಹಳ. ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿಗೆ ಲಕ್ಷಗಟ್ಟಲೆ ಕೊಡುವೆವೆಂಬ ಜಾಹೀರಾತು ಇಂಥ ಮನೆಗಳ ಮೊಬೈಲಿಗೂ ಬರುತ್ತದೆ. ನಂಬಿ ಮಾತನಾಡಿದವರಿಂದ ಮೊದಲು ನೋಂದಣಿಯ ಶುಲ್ಕ, ಆಮೇಲೆ ತೆರಿಗೆ, ಆಮೇಲೆ ದಲಾಲಿ. ನಾಣ್ಯ ಮನೆಯಲ್ಲೇ ಉಳಿಯುತ್ತದೆ, ಹಣ ಹೋಗುತ್ತದೆ. ತನ್ನ ಹೆಸರು ಹೇಳಿಕೊಂಡು ಹೀಗೆ ಶುಲ್ಕ ಕೇಳುವವರನ್ನು ನಂಬಬಾರದೆಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಬೇಕಾಯಿತು. ಆ ದೇವಿಯ ನಾಣ್ಯದಲ್ಲಿ ಯಾವ ತಪ್ಪೂ ಇಲ್ಲ. ಅದು ಚಲಾವಣೆಗೆಂದೇ ಅಚ್ಚಾದದ್ದು, 2006ರ ಬಸವೇಶ್ವರರ ಐದು ರೂಪಾಯಿಯ ಹಾಗೆಯೇ.

ಇತ್ತ ನಿಜವಾದ ದುಡ್ಡಿಗೆ ಬೆಲೆಯಿಲ್ಲದ ವಿಚಿತ್ರವೂ ಉಂಟು. ಹತ್ತು ರೂಪಾಯಿಯ ನಾಣ್ಯ ಚಾಚಿದರೆ, “ಇದು ನಡ್ಯಂಗಿಲ್ರಿ ಅಣ್ಣಾರ, ನೋಟಿದ್ರ ಕೊಡ್ರಿ,” ಎಂಬ ಉತ್ತರ ಅಂಗಡಿಗಳಲ್ಲಿ ಕೇಳಿಬರುವುದುಂಟು. ಹದಿನೈದು ಗೆರೆಗಳಿದ್ದರೆ ಖೋಟಾ, ಹತ್ತಿದ್ದರೆ ಅಸಲು ಎಂಬ ಗಾಳಿಮಾತು ಎಲ್ಲಿಂದಲೋ ಬಂದು ಬೇರೂರಿದೆ. ಹದಿನೈದು ಗೆರೆಯವು ರೂಪಾಯಿ ಚಿಹ್ನೆ ಬರುವುದಕ್ಕೆ ಮೊದಲಿನವು, ಹತ್ತು ಗೆರೆಯವು ಆಮೇಲಿನವು, ಭೇದ ಇಷ್ಟೇ. ಹದಿನಾಲ್ಕು ವಿನ್ಯಾಸಗಳೂ ಚಲಾವಣೆಯಲ್ಲಿವೆಯೆಂದು 2018ರ ಜನವರಿಯಲ್ಲಿಯೇ ರಿಸರ್ವ್ ಬ್ಯಾಂಕು ಸಾರಿದೆ. ನೇಕಾರನ ವಾರದ ಸಂತೆಯ ಚೀಲದಲ್ಲಿ ಇಂಥವು ಹತ್ತು ಉಳಿದರೆ ನೂರು ರೂಪಾಯಿಯ ಕಾಳು ಮನೆಗೆ ಬಾರದು. ಸಂಗ್ರಾಹಕರೊಬ್ಬರು ಊರಿಗೆ ಬಂದಾಗ ನೋಟು ಕೊಟ್ಟು ಅವನ್ನೆಲ್ಲ ಬದಲಾಯಿಸಿಕೊಂಡರೆ ಇಬ್ಬರಿಗೂ ಲಾಭ: ಅವರು ರಾತ್ರಿ ದೀಪದಡಿ ಒಂದೊಂದನ್ನೇ ಮಗುಚಿ ನೋಡಿ, ನೆಟ್ಟಗಿರುವವನ್ನೆಲ್ಲ ಮರುದಿನ ಬ್ಯಾಂಕಿಗೆ ಕಟ್ಟಬಹುದು.