ಸೆರಿಫೂ ತಲೆಕಟ್ಟೂ

ನನ್ನ ಪಿಎಚ್.ಡಿ. ಮಹಾಪ್ರಬಂಧವು ಪುಸ್ತಕವಾಗಿ ಹೊರಬಂದಾಗ ಮೊದಲ ಪ್ರತಿಯನ್ನು ಗುರುಗಳ ಕೈಗಿತ್ತೆ. ಮುಖಪುಟದ ಅಕ್ಷರಗಳು ನಾನೇ ಹಟಹಿಡಿದು ಬರೆಯಿಸಿದವು. ಹಳೆಯ ಇಂಗ್ಲಿಷ್ ಪುಸ್ತಕಗಳ ಶೀರ್ಷಿಕೆಯಂತೆ ದಪ್ಪ-ತೆಳು ಗೆರೆಗಳು, ತುದಿತುದಿಗೂ ಬಾಗಿದ ಚಾಚು, ಒತ್ತಕ್ಷರಗಳಿಗೆ ಬಳ್ಳಿಯಂಥ ಬಾಲ. ಕಣ್ಣು ಮಂಜಾಗಿದ್ದ ಗುರುಗಳು ಪುಸ್ತಕವನ್ನು ಬೆಳಕಿಗೆ ಹಿಡಿದು 'ಶಾಸನಗತಿ' ಎಂದು ಓದತೊಡಗಿದರು. ಹೆಸರು ಮೊದಲಾಗುತ್ತಿದ್ದುದು 'ಶಾಸನಗತ' ಎಂದು. ತಿದ್ದಿದೆ. 'ಶಾಸನಕ್ಕೆ ಈ ಗತಿ ತಂದವನು ನೀನೇ ಅಲ್ಲವೇನಯ್ಯಾ?' ಎಂದು ನಕ್ಕರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ರೋಮನ್ ಅಕ್ಷರದ ಗೆರೆಯ ತುದಿಯಲ್ಲಿರುವ ಆ ಕಿರುಚಾಚಿಗೆ ಸೆರಿಫ್ ಎಂದು ಹೆಸರು. ಅದರ ಪ್ರಸಿದ್ಧ ಮಾದರಿ ರೋಮಿನ ಟ್ರಾಜನ್ ಸ್ತಂಭದ ಪೀಠದಲ್ಲಿ, ಕ್ರಿ.ಶ. 113ರ ಸುಮಾರಿನ ಶಾಸನದಲ್ಲಿದೆ. ಎಡ್ವರ್ಡ್ ಕ್ಯಾಟಿಚ್ ಎಂಬ ಪಾದ್ರಿ ಹಿಂದೆ ಷಿಕಾಗೊದಲ್ಲಿ ಫಲಕಗಳನ್ನು ಬರೆದು ಕೈ ಪಳಗಿಸಿಕೊಂಡವರು. ಸೆರಿಫ್ ಹುಟ್ಟಿದ್ದು ಉಳಿಯಿಂದಲ್ಲ, ಚಪ್ಪಟೆ ಕುಂಚದ ತಿರುವಿನಿಂದ. ಕಲ್ಲುಕುಟಿಗ ಆ ಬರಹವನ್ನು ಅನುಸರಿಸಿದನಷ್ಟೆ ಎಂದು 1968ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಶಾಸನ ಓದುವವರಿಗೆ ಇದು ಅಪರಿಚಿತವಲ್ಲ. ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿಯಲ್ಲಿ ಬರೆದವನು ಮಲ್ಲಿನಾಥ, ಕಂಡರಿಸಿದವನು ಗಂಗಾಚಾರಿ.

ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ಜಾಹೀರಾತುಗಳಲ್ಲಿ ಸೆರಿಫ್ ಹಲಗೆಯಷ್ಟು ದಪ್ಪವಾಯಿತು. ಟಸ್ಕನ್ ಎಂಬ ಬಗೆಯಲ್ಲಿ ಮೀನಿನ ಬಾಲದಂತೆ ಸೀಳಿಕೊಂಡಿತು. ಅಕ್ಷರಕ್ಕೇನೂ ಧಕ್ಕೆಯಾಗಲಿಲ್ಲ. 1816ರಲ್ಲಿ ನಾಲ್ಕನೆಯ ವಿಲಿಯಂ ಕ್ಯಾಸ್ಲನ್ ಸೆರಿಫನ್ನು ಪೂರ್ತಿ ತೆಗೆದೇ ಒಂದು ಅಚ್ಚಕ್ಷರವನ್ನು ತೋರಿಸಿದ. ಆಗಲೂ ಎ ಎಂಬುದು ಎ ಆಗಿಯೇ ಉಳಿಯಿತು. 1989ರಲ್ಲಿ ಕ್ಯಾರಲ್ ಟ್ವಾಂಬ್ಲಿ ಅಡೋಬಿಗಾಗಿ ರೂಪಿಸಿದ 'ಟ್ರಾಜನ್' ಫಾಂಟು ಆ ರೋಮನ್ ಕಲ್ಲಿನ ಅಕ್ಷರಗಳನ್ನು ಹಾಲಿವುಡ್ ಸಿನಿಮಾ ಪೋಸ್ಟರುಗಳಿಗೇರಿಸಿತು.

ನಾನು ಎಡವಿದ್ದು ತಲೆಕಟ್ಟನ್ನು ಸೆರಿಫಿನ ತಮ್ಮನೆಂದು ಭಾವಿಸಿ. ನೋಟಕ್ಕೆ ಎರಡೂ ತುದಿಯ ಗೆರೆಗಳೇ. ಆದರೆ ಜ, ಬ, ಲಗಳಂಥ ಕೆಲವನ್ನು ಬಿಟ್ಟರೆ ನಮ್ಮ ವ್ಯಂಜನಗಳಲ್ಲಿ ಅಕಾರ ಕೂತಿರುವುದೇ ತಲೆಕಟ್ಟಿನಲ್ಲಿ. ಅದು ಬಳಸಿ ದುಂಡಾಗಿ ಗುಡಿಸಾದರೆ 'ತ' ಹೋಗಿ 'ತಿ' ಆಗುತ್ತದೆ. ಚೆಲುವಿಗೆಂದು ನಾನು ಬಾಗಿಸಿದ್ದು ಒಂದು ಸ್ವರವನ್ನು! ಒತ್ತಕ್ಷರದ ಪಾಡೂ ಅಷ್ಟೆ. ಅದಕ್ಕೆ ಬಾಲ ಹಚ್ಚಿದರೆ ಕೆಳಸಾಲಿನ ಗುಡಿಸಿಗೋ ಏತ್ವಕ್ಕೋ ತೊಡರುತ್ತದೆ. ಮೂರು ವರ್ಷ ಶಾಸನಗಳ ಪಾಠಾಂತರಗಳೊಡನೆ ಗುದ್ದಾಡಿದವನು ಸ್ವಂತ ಮುಖಪುಟದಲ್ಲೇ ಒಂದು ಅಪಪಾಠವನ್ನು ಸೃಷ್ಟಿಸಿದ್ದೆ.

ವಾರದ ಬಳಿಕ ಗುರುಗಳು ಪ್ರತಿಯನ್ನು ಹಿಂದಿರುಗಿಸಿದರು. ಒಳಪುಟದಲ್ಲಿ ಪುಸ್ತಕದ ಹೆಸರನ್ನು ನಡುಗುವ ಕೈಯಲ್ಲಿ ತಾವೇ ಬರೆದಿದ್ದರು. ತಲೆಕಟ್ಟುಗಳು ಗಿಡ್ಡ, ಒತ್ತುಗಳ ಸುತ್ತ ಧಾರಾಳವಾದ ಬಿಳಿ ಜಾಗ. ಎರಡನೆಯ ಮುದ್ರಣದ ಮುಖಪುಟಕ್ಕೆ ಆ ಬರಹವನ್ನೇ ಬಳಸಿಕೊಂಡೆ. ಅದನ್ನು ಕೈಗಿಡಲು ಅಷ್ಟರಲ್ಲಿ ಗುರುಗಳಿರಲಿಲ್ಲ.